ಬೆಳೆಯದವುಗಳ ಎಣಿಕೆ

ಪಾವಗಡ
12 ಜುಲೈ 1982

ರಾಜೀ,

ನಮ್ಮ ಆಸ್ಪತ್ರೆಯ ಅಟೆಂಡರ್ ಹುಚ್ಚಣ್ಣನವರು ಮಗಳನ್ನು ನೋಡಲು ಬೆಂಗಳೂರಿಗೆ ಬರುತ್ತಿದ್ದಾರೆ. ಅವರ ಕೈಯಲ್ಲಿ ಒಂದು ಮರದ ಡಬ್ಬಿ ಕಳಿಸಿದ್ದೇನೆ. ಒಳಗೆ ಹತ್ತಿ ಸುತ್ತಿದ ಎರಡು ಗಾಜಿನ ನಳಿಗೆಗಳಿವೆ. ಅವರಿಗೆ ಅದರಲ್ಲಿ ಏನಿದೆ ಎಂದು ಹೇಳಿದ ಮೇಲೆ ಡಬ್ಬಿಯನ್ನು ತೊಡೆಯ ಮೇಲಲ್ಲ, ಸೀಟಿನ ಕೆಳಗೂ ಅಲ್ಲ, ಬಸ್ಸಿನ ಟಾಪಿನ ಮೇಲೆ ಕಟ್ಟಿಸುತ್ತೇನೆ ಎಂದಿದ್ದಾರೆ. ಒಡೆಯದೆ ತಲುಪಿದರೆ ನಿನ್ನ ಪುಣ್ಯ.

ವಿಷಯ ಇಷ್ಟು. ರಾಯಚರ್ಲಿನಿಂದ ಈ ತಿಂಗಳು ಹನ್ನೊಂದು ಜನ ರಕ್ತಭೇದಿ ಆಗಿ ಬಂದರು. ಕ್ಲೋರಂಫೆನಿಕಾಲ್ ಕೊಟ್ಟರೆ ಎರಡು ದಿನಕ್ಕೆ ನಿಲ್ಲಬೇಕು. ಒಬ್ಬರಿಗೂ ನಿಲ್ಲಲಿಲ್ಲ. ನಮ್ಮ ಡಾಕ್ಟರು ದೊಡ್ಡಹನುಮಯ್ಯನವರು ಲ್ಯಾಬಿಗೆ ಬಂದು, "ಇದ್ಯಾವ ಜಾತೀದಮ್ಮ, ಹಾಲು ಕುಡ್ದಂಗೆ ಔಷಧಿ ಕುಡೀತೈತಲ್ಲ" ಅಂದರು. ನಾನು ಅದನ್ನು ಬೇರ್ಪಡಿಸಿ ಬೆಳೆಸಿದ್ದೇನೆ. ಹೆಸರು ಹೇಳುವವರೆಗೆ ನನ್ನ ಕೆಲಸ. ಅದರ ಒಳಗನ್ನು ನೋಡುವ ಸಲಕರಣೆ ನಿನ್ನ ಹತ್ತಿರ ಇದೆ.

ಹೋದ ವಾರ ಕೊರಟಗೆರೆ ಬಸ್ ನಿಲ್ದಾಣದಲ್ಲಿ ನಿಮ್ಮ ತಂದೆ ಸಿಕ್ಕಿದ್ದರು. ನನ್ನ ಬಸ್ಸು ಹೊರಡುವವರೆಗೂ ನಿನ್ನ ಮಾತೇ. ಮಗಳು ಸಂಶೋಧನೆ ಸೇರಿ ವರ್ಷವಾಯಿತು, ಇಂಗ್ಲಿಷಿನಲ್ಲಿ ಉಪನ್ಯಾಸ ಕೊಟ್ಟಳಂತೆ, ಇತ್ಯಾದಿ. ಕೊನೆಗೆ, "ನೀನೂ ಒಂದು ಪ್ರಯತ್ನ ಮಾಡಬಹುದಿತ್ತಲ್ಲಮ್ಮ" ಅಂದರು. ಸಂದರ್ಶನದ ದಿನ ನಾನೂ ನೀನೂ ಒಂದೇ ಬೆಂಚಿನಲ್ಲಿ ಕೂತಿದ್ದೆವು ಎಂದು ಅವರಿಗೆ ಗೊತ್ತಿಲ್ಲ. ಎಂ.ಎಸ್ಸಿ.ಯಲ್ಲಿ ನನ್ನ ಹೆಸರು ನಿನ್ನದಕ್ಕಿಂತ ಒಂದು ಸಾಲು ಮೇಲಿತ್ತು ಎಂಬುದೂ ಗೊತ್ತಿದ್ದಂತಿಲ್ಲ. ನಾನು ಹೇಳಲಿಲ್ಲ. ಹೇಳಲಿಲ್ಲ ಎಂದು ನಿನಗೆ ತಿಳಿಸುತ್ತಿದ್ದೇನೆ, ಅಷ್ಟೆ.

ಹೊನ್ನಕ್ಕ


ಬೆಂಗಳೂರು
2 ಆಗಸ್ಟ್ 1982

ಪ್ರೀತಿಯ ಹೊನ್ನೀ,

ಡಬ್ಬಿ ಸುರಕ್ಷಿತವಾಗಿ ಬಂತು. ಹುಚ್ಚಣ್ಣನವರು ನಮ್ಮ ಪ್ರಯೋಗಶಾಲೆಯ ಬಾಗಿಲಲ್ಲೇ ನಿಂತು, "ತಗಳ್ರಮ್ಮ, ನಿಮ್ಮ ಭೇದಿ" ಎಂದು ಕೈಗಿಟ್ಟು ಒಳಗೆ ಬಾರದೆ ಹೋಗಿಬಿಟ್ಟರು. ಇಡೀ ದಿನ ನಕ್ಕೆವು.

ನಮ್ಮ ಗುರುಗಳು ಚನ್ನಮಲ್ಲಯ್ಯನವರು ನೋಡಿ ಬಹಳ ಖುಷಿಪಟ್ಟರು. ನನ್ನ ಪಿಎಚ್.ಡಿ.ಗೆ ಇದೇ ವಸ್ತುವಾಗಲಿ ಎಂದಿದ್ದಾರೆ. ನಿನಗೆ ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ, ನಿಮ್ಮ ಡಾಕ್ಟರಿಗೆ ಓದಿ ಹೇಳಲು ಬೇಕಾದೀತು. ಈ ಬ್ಯಾಕ್ಟೀರಿಯಾದ ಒಳಗೆ ಅದರ ಸ್ವಂತ ವರ್ಣತಂತು ಅಲ್ಲದೆ, ಬಳೆಯ ಹಾಗೆ ದುಂಡಗಿರುವ ಇನ್ನೊಂದು ಚಿಕ್ಕ ಡಿಎನ್ಎ ಇದೆ. ಅದೇ ಪ್ಲಾಸ್ಮಿಡ್. ಔಷಧಕ್ಕೆ ಬಗ್ಗದಿರುವ ಗುಣ ಇರುವುದು ಅದರಲ್ಲಿ. ಒಂದು ಕಿತ್ತಳೆ ಬಣ್ಣದ ಪುಡಿ ಹಾಕಿ ಬೆಳೆಸಿದರೆ ಕೆಲವು ಕೋಶಗಳು ಒಡೆದು ಎರಡಾಗುವಾಗ ಈ ಬಳೆಯನ್ನು ಕಳೆದುಕೊಳ್ಳುತ್ತವೆ. ಕಳೆದುಕೊಂಡವು ಮತ್ತೆ ಸಾಧು ಪ್ರಾಣಿಗಳು, ಔಷಧಕ್ಕೆ ಸಾಯುತ್ತವೆ. ಅಂಥವನ್ನು ಹುಡುಕಿ ತೆಗೆಯುವುದೇ ನನ್ನ ಕೆಲಸ.

ಡಾಕ್ಟರಿಗೆ ನನ್ನ ಹೆಸರಿನಲ್ಲಿ ಒಂದು ಮಾತು ಹೇಳು. ಉಪಯೋಗವಿಲ್ಲದ ಹೊರೆಯನ್ನು ಯಾವ ಜೀವವೂ ಬಹಳ ದಿನ ಹೊರುವುದಿಲ್ಲ. ತಾಲ್ಲೂಕಿನಲ್ಲಿ ಒಂದು ವರ್ಷ ಕ್ಲೋರಂಫೆನಿಕಾಲ್ ನಿಲ್ಲಿಸಿದರೆ ಆ ರೋಗಾಣು ಪ್ಲಾಸ್ಮಿಡ್ಡನ್ನು ತಾನಾಗಿಯೇ ಕೆಳಗಿಡುತ್ತದೆ. ಮುಂದಿನ ಮಳೆಗಾಲಕ್ಕೆ ಅದೇ ಔಷಧ ಮತ್ತೆ ಕೆಲಸ ಮಾಡುತ್ತದೆ.

ಇದನ್ನು ಬೇರ್ಪಡಿಸಿದವರು ಯಾರು ಎಂದು ಗುರುಗಳು ಕೇಳಿದರು. ನಮ್ಮ ಕಡೆಯ ಗೆಳತಿಯೊಬ್ಬಳು, ಆಸ್ಪತ್ರೆಯಲ್ಲಿ ಟೆಕ್ನಿಷಿಯನ್ ಎಂದೆ. ಕೈ ಶುದ್ಧವಾಗಿದೆ ಎಂದರು.

ನಿನ್ನನ್ನು ನೆನೆದರೆ ಹೊಟ್ಟೆಕಿಚ್ಚಾಗುತ್ತದೆ ಕಣೇ. ಐದು ಗಂಟೆಗೆ ಬೀಗ ಹಾಕಿ ಅಮ್ಮ ಮಾಡಿದ ಮುದ್ದೆ ಉಣ್ಣುವ ಭಾಗ್ಯ ನನಗೆಲ್ಲಿ.

ನಿನ್ನ
ರಾಜಿ


ಪಾವಗಡ
16 ಆಗಸ್ಟ್ 1982

ರಾಜೀ,

ಡಾಕ್ಟರಿಗೆ ನಿನ್ನ ಪತ್ರವನ್ನೇ ಓದಿ ಹೇಳಿದೆ. ಅವರು ಒಪ್ಪಿದರು. ಬೆಂಗಳೂರಿನ ಮಾತಲ್ಲವೇ. ಈ ತಿಂಗಳಿನಿಂದ ರಕ್ತಭೇದಿಗೆ ಕ್ಲೋರಂಫೆನಿಕಾಲ್ ಬರೆಯುವುದನ್ನು ನಿಲ್ಲಿಸಿದ್ದಾರೆ.

ಗುರುಗಳಿಗೆ ನನ್ನ ಹೆಸರು ಹೇಳಿದೆಯಾ ಇಲ್ಲವಾ ಎಂದು ನಿನ್ನ ಪತ್ರದಲ್ಲಿ ತಿಳಿಯಲಿಲ್ಲ. ಹೆಸರು ಉದ್ದವಿಲ್ಲ, ಮೂರೇ ಅಕ್ಷರ.

ಮುದ್ದೆ ಅಮ್ಮ ಮಾಡುವುದಿಲ್ಲ. ಅಮ್ಮ ಅಪ್ಪನ ಜೊತೆ ಶಿರಾದ ಕಡೆ ಕುರಿಗಳ ಹಿಂದೆ ಇದ್ದಾಳೆ. ನಾನು ಇಲ್ಲಿ ಒಂದು ಕೋಣೆಯಲ್ಲಿ ಒಬ್ಬಳೇ ಇರುವುದು ನಿನಗೆ ಎರಡು ಸಲ ಬರೆದಿದ್ದೇನೆ.

ಆ ಕಿತ್ತಳೆ ಪುಡಿ ಸ್ವಲ್ಪ ಕಳಿಸುತ್ತೀಯಾ? ಅದೇ ರೋಗಾಣು ನನ್ನ ಫ್ರಿಜ್ಜಿನಲ್ಲೂ ಇದೆ.

ಹೊನ್ನಕ್ಕ


ಬೆಂಗಳೂರು
18 ಡಿಸೆಂಬರ್ 1982

ಹೊನ್ನೀ,

ನಾಲ್ಕು ತಿಂಗಳು ಬರೆಯಲಿಲ್ಲ ಎಂದು ಬೈಯಬೇಡ. ಬರೆಯಲು ಏನೂ ಇರಲಿಲ್ಲ.

ಕೆಲಸ ಆಗುತ್ತಿಲ್ಲ. ಪುಡಿ ಹಾಕಿ ಬೆಳೆಸುತ್ತೇನೆ. ಅದನ್ನು ಔಷಧವಿಲ್ಲದ ತಟ್ಟೆಯ ಮೇಲೆ ಹರಡುತ್ತೇನೆ. ಬೆಳೆದ ಒಂದೊಂದು ಚುಕ್ಕೆಯನ್ನೂ ಔಷಧವಿರುವ ತಟ್ಟೆಗೆ ಮುಟ್ಟಿಸಿ ನೋಡುತ್ತೇನೆ. ಪ್ಲಾಸ್ಮಿಡ್ ಕಳೆದುಕೊಂಡದ್ದಾಗಿದ್ದರೆ ಅಲ್ಲಿ ಸಾಯಬೇಕು. ಇದುವರೆಗೆ ಎರಡು ಸಾವಿರದ ನಾನೂರು ಚುಕ್ಕೆ ನೋಡಿದೆ. ಒಂದೂ ಸಾಯಲಿಲ್ಲ. ಒಂದೂ ಬಿಟ್ಟುಕೊಟ್ಟಿಲ್ಲ.

ಪ್ಲಾಸ್ಮಿಡ್ ಬಿಡಿಯಾಗಿ ಇಲ್ಲ, ವರ್ಣತಂತುವಿಗೇ ಸೇರಿಕೊಂಡುಬಿಟ್ಟಿರಬೇಕು ಎಂದು ಗುರುಗಳಿಗೆ ಅನುಮಾನ. ಹಾಗಿದ್ದರೆ ನನ್ನ ವಿಷಯವೇ ಇಲ್ಲ. ಏಪ್ರಿಲಿನಲ್ಲಿ ಸಮಿತಿಯ ಮುಂದೆ ನಿಲ್ಲಬೇಕು. ಮೊನ್ನೆ ಎಲ್ಲರ ಎದುರಿಗೆ, "ರಾಜಲಕ್ಷ್ಮಿ, ನೀವು ಎಣಿಸುವುದರಲ್ಲಿ ನಿಪುಣರು, ಯೋಚಿಸುವುದು ಯಾವಾಗ?" ಅಂದರು. ಬಾತ್‌ರೂಮಿಗೆ ಹೋಗಿ ಅತ್ತು ಬಂದೆ.

ನೀನು ಕೇಳಿದ್ದ ಪುಡಿ ಈ ಕವರಿನಲ್ಲಿದೆ. ಬರಿಗೈಯಲ್ಲಿ ಮುಟ್ಟಬೇಡ, ಒಳ್ಳೆಯದಲ್ಲ. ಅದನ್ನು ಇಟ್ಟುಕೊಂಡು ಅಲ್ಲೇನು ಮಾಡುತ್ತೀಯೋ. ಏನಾದರೂ ಹೊಳೆದರೆ ಬರೆ. ಇಲ್ಲಿ ಎಲ್ಲರೂ ನನ್ನ ಸೋಲನ್ನು ಕಾಯುತ್ತಿದ್ದಾರೆ. ನಿನ್ನೊಬ್ಬಳಿಗೆ ಮಾತ್ರ ನಿಜ ಹೇಳಬಲ್ಲೆ.

ರಾಜಿ


ಪಾವಗಡ
6 ಮಾರ್ಚ್ 1983, ಭಾನುವಾರ

ರಾಜೀ,

ಕಂಡಿತು.

ಏಳು ಭಾನುವಾರ ಬೇಕಾಯಿತು. ಆಸ್ಪತ್ರೆಗೆ ರಜೆ ಇರುವ ದಿನ ಮಾತ್ರ ಲ್ಯಾಬು ನನ್ನದು. ನಿನ್ನ ಪುಡಿ ಹಾಕಿ ಬೆಳೆಸಿದೆ. ನಿನ್ನ ಹಾಗೆ ತಟ್ಟೆಗೆ ಹರಡಿದೆ, ಜೊತೆಗೆ ಒಂದು ಹನಿಯನ್ನು ಮೈಕ್ರೋಸ್ಕೋಪಿನ ಕೆಳಗೂ ಇಟ್ಟೆ. ಎಲ್ಲವೂ ಗಿಡ್ಡ ಕಡ್ಡಿಗಳಂತೆ ಇರಬೇಕು. ಆದರೆ ನಡುನಡುವೆ ದಾರದ ಎಳೆಯಂಥವು, ಒಂದೊಂದು ಹತ್ತು ಕಡ್ಡಿಯಷ್ಟು ಉದ್ದ. ಬೆಳೆಯುತ್ತಿವೆ, ಒಡೆದು ಎರಡಾಗುತ್ತಿಲ್ಲ. ಇನ್ನಷ್ಟು ಹೊತ್ತು ಬಿಟ್ಟು ನೋಡಿದರೆ ಒಳಗೆ ಬರಿದಾಗಿ, ಮಸುಕಾಗಿ ಬಿದ್ದಿರುತ್ತವೆ. ಹುಚ್ಚಣ್ಣನವರು ಕಸ ಗುಡಿಸಲು ಬಂದವರು, "ಏನ್ ಕಾಣ್ತೈತೆ ಅಂತ ಅಂಗೇ ಕುಂತ್ಬುಟ್ಟಿದೀರಿ ಅಕ್ಕೋರೆ, ಊಟದ್ ಹೊತ್ತಾತು" ಅಂದರು. ಅವರಿಗೂ ತೋರಿಸಿದೆ. "ಶ್ಯಾವಿಗೆ" ಅಂದರು.

ರಕ್ತಕಣ ಎಣಿಸುವ ಗಾಜಿನ ಮೇಲೆ ಎಣಿಸಿದೆ. ಮೈಕ್ರೋಸ್ಕೋಪಿನಲ್ಲಿ ನೂರು ಇದ್ದರೆ ತಟ್ಟೆಯ ಮೇಲೆ ಏಳುವುದು ನಲವತ್ತು. ಪುಡಿಯೇ ಕೊಲ್ಲುತ್ತಿರಬಹುದು ಎಂದು ನೀನು ಹೇಳುತ್ತೀಯ. ಅದಕ್ಕೇ ಪ್ಲಾಸ್ಮಿಡ್ ಇಲ್ಲದ, ಔಷಧಕ್ಕೆ ಸಾಯುವ ಹಳೆಯ ರೋಗಾಣುವೊಂದನ್ನು ಮಧುಗಿರಿ ಆಸ್ಪತ್ರೆಯಿಂದ ತರಿಸಿ ಅದಕ್ಕೂ ಅಷ್ಟೇ ಪುಡಿ ಹಾಕಿದೆ. ಅದರಲ್ಲಿ ದಾರದ ಎಳೆ ಇಲ್ಲ. ನೂರಕ್ಕೆ ತೊಂಬತ್ತು ಎದ್ದವು.

ಅಪ್ಪ ಸಂಜೆ ಮಂದೆಯನ್ನು ರೊಪ್ಪಕ್ಕೆ ಹೊಡೆಯುವಾಗ ಇರುವ ಕುರಿಗಳನ್ನು ಎಣಿಸುತ್ತಿರಲಿಲ್ಲ. ಯಾವುದು ಇಲ್ಲ ಎಂದು ನೋಡುತ್ತಿದ್ದ. ನೀನು ತಟ್ಟೆಯಲ್ಲಿ ಬೆಳೆದದ್ದನ್ನೇ ಎಣಿಸುತ್ತಿದ್ದೀಯ. ಪ್ಲಾಸ್ಮಿಡ್ ಕಳೆದುಕೊಂಡ ಕೋಶಗಳು ನಿನ್ನ ತಟ್ಟೆಗೆ ಬರುವುದೇ ಇಲ್ಲ, ಏಕೆಂದರೆ ಕಳೆದುಕೊಂಡ ಮೇಲೆ ಅವು ಬದುಕುವುದಿಲ್ಲ. ಅದು ವರ್ಣತಂತುವಿಗೆ ಸೇರಿಲ್ಲ. ಬಿಡಿಯಾಗಿಯೇ ಇದೆ. ಬಿಟ್ಟವರನ್ನು ಅದು ಉಳಿಸುತ್ತಿಲ್ಲ. ಇರುವಾಗ ಏನೂ ಮಾಡದೆ, ಹೋದ ಮೇಲೆ ಕೊಲ್ಲುತ್ತದೆ ಎಂದರೆ ಏನೋ ಒಂದು ಕೋಶದೊಳಗೆ ಉಳಿದುಹೋಗಿರಬೇಕು. ಅದೇನು ಎಂದು ಹುಡುಕುವುದು ನನ್ನಿಂದ ಇಲ್ಲಿ ಆಗದು.

ನಿನ್ನಿಂದ ಆಗುತ್ತದೆ.

ಇಲ್ಲಿಯವರೆಗೆ ಸಂತೋಷದಿಂದ ಬರೆದೆ. ಈಗ ಇದನ್ನು ಓದಿದ ಮೇಲೆ ನೀನು ಏನು ಮಾಡುತ್ತೀಯ ಎಂದು ನೋಡುತ್ತಿದ್ದೇನೆ. ಚನ್ನಮಲ್ಲಯ್ಯನವರ ಕೋಣೆಗೆ ಓಡುತ್ತೀಯ. ಅವರು ಎಲ್ಲರ ಎದುರಿಗೆ ನಿನ್ನನ್ನು ಹೊಗಳುತ್ತಾರೆ. ನಿಮ್ಮ ತಂದೆ ಕೊರಟಗೆರೆ ಬಸ್ ನಿಲ್ದಾಣದಲ್ಲಿ ನನಗೇ ಆ ಸುದ್ದಿ ಹೇಳುತ್ತಾರೆ. ಪ್ರಬಂಧದ ಕೊನೆಯಲ್ಲಿ, ಸಣ್ಣಕ್ಷರದಲ್ಲಿ, ಪಾವಗಡದ ಟೆಕ್ನಿಷಿಯನ್ ಒಬ್ಬರಿಗೆ ವಂದನೆ ಇರುತ್ತದೆ. ನೀನು ಕೆಟ್ಟವಳಲ್ಲ, ವಂದನೆ ಖಂಡಿತ ಹಾಕುತ್ತೀಯ.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ಬೇರೆ ಬರೆಯುತ್ತೇನೆ.


ಪಾವಗಡ
6 ಮಾರ್ಚ್ 1983

ಪ್ರೀತಿಯ ರಾಜೀ,

ಉತ್ತರ ತಡವಾಯಿತು. ನೀನು ಕಳಿಸಿದ ಪುಡಿ ದಾರಿಯಲ್ಲೇ ತೇವಕ್ಕೆ ಗಟ್ಟಿಯಾಗಿತ್ತು. ಆದರೂ ಒಂದೆರಡು ಸಲ ಪ್ರಯತ್ನಿಸಿದೆ. ನನಗೂ ಏನೂ ಸಿಗಲಿಲ್ಲ. ನನ್ನ ಹಳೆಯ ಮೈಕ್ರೋಸ್ಕೋಪಿನಲ್ಲಿ ಕಾಣುವುದಾದರೂ ಎಷ್ಟು.

ನಿನ್ನ ಗುರುಗಳು ಹೇಳುವುದೇ ಸರಿ ಇರಬೇಕು. ಅದು ವರ್ಣತಂತುವಿಗೆ ಸೇರಿಕೊಂಡಿರಬಹುದು. ಮನಸ್ಸಿಗೆ ಹಚ್ಚಿಕೊಳ್ಳಬೇಡ.

ನಿನ್ನ
ಹೊನ್ನಕ್ಕ


ಬೆಂಗಳೂರು
25 ಏಪ್ರಿಲ್ 1983

ಹೊನ್ನೀ,

ಸಮಿತಿ ಮುಗಿಯಿತು. ಪ್ಲಾಸ್ಮಿಡ್ ವರ್ಣತಂತುವಿಗೆ ಸೇರಿದೆ, ಕೆಲಸ ಮುಂದುವರಿಸಲಾಗದು ಎಂದು ನಾನೇ ಹೇಳಿಬಿಟ್ಟೆ. ಹಿಂದಿನ ದಿನದವರೆಗೂ ಇನ್ನೊಂದು ಆರು ತಿಂಗಳು ಕೇಳೋಣ ಎಂದಿತ್ತು. ನಿನ್ನ ಪತ್ರ ಮತ್ತೆ ಓದಿದೆ. ಹೊನ್ನಿಗೂ ಹಾಗೇ ಅನ್ನಿಸಿದೆ ಎಂದ ಮೇಲೆ ಇನ್ನೇನು ಎಂದುಕೊಂಡೆ. ಓದುವ ಕಾಲದಲ್ಲೂ ನಿನ್ನ ಕಣ್ಣು ತಪ್ಪಿದ್ದು ನಾನು ನೋಡಿಲ್ಲ.

ನಳಿಗೆಗಳನ್ನೆಲ್ಲ ಕುದಿಸಿ ಚೆಲ್ಲಿದೆವು. ಈಗ ನನಗೆ ಹೊಸ ವಿಷಯ ಕೊಟ್ಟಿದ್ದಾರೆ, ಕಡಲೆಕಾಯಿ ಗಿಡದ ಬೇರಿನ ಗಂಟಿನಲ್ಲಿರುವ ಬ್ಯಾಕ್ಟೀರಿಯಾ. ಎರಡು ವರ್ಷ ಹಿಂದಕ್ಕೆ ಹೋದೆ. ನನ್ನ ನಂತರ ಸೇರಿದವರು ನನಗಿಂತ ಮುಂದಿದ್ದಾರೆ. ಅವರಲ್ಲಿ ಒಬ್ಬಳು ನಗುವಾಗ ಅವಳ ಮುಖ ನೋಡಲಾಗುವುದಿಲ್ಲ ನನಗೆ. ಹೊಟ್ಟೆಕಿಚ್ಚು ಎಂದರೆ ಏನೆಂದು ನಿನಗೆ ಗೊತ್ತಿಲ್ಲ. ನೀನು ನೆಮ್ಮದಿಯ ಹೆಣ್ಣು.

ನೀನೊಬ್ಬಳು ನನಗೆ ಸುಳ್ಳು ಸಮಾಧಾನ ಹೇಳಲಿಲ್ಲ. ಅದಕ್ಕೆ ಈ ಪತ್ರ.

ರಾಜಿ


ಪಾವಗಡ
30 ಜುಲೈ 1983
(ಕಾರ್ಡು)

ರಾಜೀ, ನಿನ್ನ ಪತ್ರ ತಲುಪಿ ಮೂರು ತಿಂಗಳಾಯಿತು. ಇಲ್ಲಿ ಮಳೆ ಹಿಡಿದಿದೆ, ಮತ್ತೆ ರಕ್ತಭೇದಿ. ಕೆಲಸ ಬಹಳ. ಡಾಕ್ಟರು ಈ ವರ್ಷ ಬೇರೆ ಮಾತ್ರೆ ತರಿಸುತ್ತಿದ್ದಾರೆ. ವಿವರ ಇನ್ನೊಮ್ಮೆ. ಕಡಲೆಕಾಯಿ ಒಳ್ಳೆಯ ಬೆಳೆ. ಹೊನ್ನಕ್ಕ.


ಬೆಂಗಳೂರು
9 ಡಿಸೆಂಬರ್ 1983

ಹೊನ್ನಕ್ಕಾ,

ಅಕ್ಷರ ಸರಿಯಿಲ್ಲದಿದ್ದರೆ ಕ್ಷಮಿಸು.

ನಿನ್ನೆ ಹಡಗಿನಲ್ಲಿ ಬಂದ ಅಮೆರಿಕದ ಪತ್ರಿಕೆಗಳ ಕಟ್ಟು ಬಿಚ್ಚಿದರು. ಒಂದರಲ್ಲಿ ಜಪಾನಿನ ಇಬ್ಬರು ಬರೆದ ಪ್ರಬಂಧವಿದೆ. ಪ್ಲಾಸ್ಮಿಡ್ ಮುಗಿಯುತ್ತಾ ಬಂದ ಕೋಶ ಒಡೆದು ಎರಡಾಗುವುದನ್ನು ನಿಲ್ಲಿಸುತ್ತದಂತೆ. ಉದ್ದುದ್ದಕ್ಕೆ ದಾರದ ಹಾಗೆ ಬೆಳೆಯುತ್ತದಂತೆ. ಪ್ಲಾಸ್ಮಿಡ್ಡಿನ ಮೇಲೆ ಅಕ್ಕಪಕ್ಕದಲ್ಲೇ ಎರಡು ವಂಶವಾಹಿಗಳಿವೆ, ಒಂದು ಕೋಶವನ್ನು ತಡೆಯುತ್ತದೆ, ಇನ್ನೊಂದು ಆ ತಡೆಯನ್ನು ಸುಮ್ಮನಿರಿಸುತ್ತದೆ. ಚಿತ್ರ ಹಾಕಿದ್ದಾರೆ. ದಾರದ ಎಳೆಗಳು.

ಅವರದು ಬೇರೆ ಪ್ಲಾಸ್ಮಿಡ್. ಆದರೆ ನನ್ನ ಎರಡು ಸಾವಿರದ ನಾನೂರು ಚುಕ್ಕೆಗಳ ಉತ್ತರ ಅಲ್ಲೇ ಇದೆ. ನಾನು ಒಂದೇ ಒಂದು ಸಲ ಮೈಕ್ರೋಸ್ಕೋಪಿನಲ್ಲಿ ನೋಡಿದ್ದರೆ ಸಾಕಿತ್ತು. ನೋಡಲಿಲ್ಲ. ತಟ್ಟೆಯಲ್ಲಿ ಎಲ್ಲ ಇದೆ ಎಂದುಕೊಂಡೆ.

ಗುರುಗಳು ಪತ್ರಿಕೆಯನ್ನು ನನ್ನ ಮೇಜಿನ ಮೇಲೆ ತೆರೆದಿಟ್ಟು ಹೋದರು. ಬೈದಿದ್ದರೆ ಚೆನ್ನಾಗಿತ್ತು.

ನಾನು ಕೊರಟಗೆರೆಗೆ ಹಿಂದಿರುಗಿ ಯಾವುದಾದರೂ ಶಾಲೆಯಲ್ಲಿ ಕೆಲಸ ಹುಡುಕುತ್ತೇನೆ. ಅಪ್ಪನಿಗೆ ಹೇಗೆ ಹೇಳುವುದು ಎಂದು ಗೊತ್ತಾಗುತ್ತಿಲ್ಲ. ನನಗೆ ಈ ಸ್ಥಾನಕ್ಕೆ ಯೋಗ್ಯತೆಯೇ ಇರಲಿಲ್ಲ ಹೊನ್ನೀ. ಅದು ನಿನಗೂ ಗೊತ್ತಿತ್ತು, ಅಲ್ಲವಾ.

ರಾಜಿ


ಪಾವಗಡ
15 ಜನವರಿ 1984

ರಾಜಲಕ್ಷ್ಮಿ,

ಈ ಕವರಿನಲ್ಲಿ ಇನ್ನೊಂದು ಕಾಗದವಿದೆ. ಹೋದ ವರ್ಷ ಮಾರ್ಚ್ 6ರ ತಾರೀಖಿನದು. ಮೊದಲು ಅದನ್ನು ಓದು. ಆಮೇಲೆ ಇದನ್ನು.

ಓದಿದೆಯಲ್ಲ. ಅದನ್ನು ಬರೆದ ದಿನವೇ ನಿನಗೆ ಆ ಇನ್ನೊಂದನ್ನು ಕಳಿಸಿದೆ. ಪುಡಿ ಗಟ್ಟಿಯಾಗಿರಲಿಲ್ಲ. ನನ್ನ ಮೈಕ್ರೋಸ್ಕೋಪು ಹಳೆಯದು, ಆದರೆ ಸರಿಯಾಗಿಯೇ ಕಾಣುತ್ತದೆ.

ನೀನು ಸೋಲಲಿ ಎಂದು ನಾನು ಬಯಸಲಿಲ್ಲ ಎಂದು ಬರೆದು ಹೊಡೆದುಹಾಕಿದೆ. ಬಯಸಿದೆ. ಒಂದು ಸಲವಾದರೂ ನನಗೆ ಗೊತ್ತಿರುವುದು ನಿನಗೆ ಗೊತ್ತಿಲ್ಲದೆ ಇರಲಿ ಎಂದಿತ್ತು. ಏಪ್ರಿಲ್ ಪತ್ರ ಬಂದ ದಿನ, ನನ್ನ ಮಾತು ನಂಬಿ ಕೈಬಿಟ್ಟೆ ಎಂದು ನೀನು ಬರೆದಿದ್ದನ್ನು ನಾಲ್ಕು ಸಲ ಓದಿದೆ. ಮೊದಲ ಸಲ ಓದಿದಾಗ ಖುಷಿಯಾಯಿತು. ಅದನ್ನೂ ಹೇಳಿಬಿಡಬೇಕು.

ಇನ್ನೂ ಒಂದು ಇದೆ. ಜುಲೈನಲ್ಲಿ ರಾಯಚರ್ಲಿನಿಂದ ಕೆಂಪಕ್ಕ ಎಂಬಾಕೆ ನಾಲ್ಕು ವರ್ಷದ ಮೊಮ್ಮಗಳನ್ನು ಸೆರಗಿನಲ್ಲಿ ಸುತ್ತಿ ತಂದಳು. "ಮೂರ್ ದಿನಾ ಆತಮ್ಮ, ನೆತ್ರೇ ಹೋಗ್ತೈತೆ. ಏಮಿ ಚೇಸೇದಿ, ಏನ್ ಮಾಡ್ಲಿ, ಕೂಸು ಕಣ್ಣೇ ಬುಡ್ತಿಲ್ಲ" ಅಂದಳು. ಡಾಕ್ಟರು ಕ್ಲೋರಂಫೆನಿಕಾಲ್ ಸಿರಪ್ಪಿನ ಸೀಸೆ ತೆಗೆದರು. ವರ್ಷ ನಿಲ್ಲಿಸಿದ್ದಾಯಿತಲ್ಲ, ನಿನ್ನ ಲೆಕ್ಕದಂತೆ ಈಗ ಅದು ಕೆಲಸ ಮಾಡಬೇಕು. ನಾನು ಪಕ್ಕದಲ್ಲೇ ನಿಂತಿದ್ದೆ. ಅದು ಕೆಲಸ ಮಾಡುವುದಿಲ್ಲ ಎಂದು ಆ ತಾಲ್ಲೂಕಿನಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಬೇಡದಿದ್ದರೂ ಆ ಹೊರೆಯನ್ನು ಅವು ಕೆಳಗಿಡುವಂತಿಲ್ಲ, ಇಟ್ಟವು ಸಾಯುತ್ತವೆ.

ಹೇಳಿದರೆ ಹೇಗೆ ಗೊತ್ತು ಎಂದು ಕೇಳುತ್ತಾರೆ. ಹೇಳದಿದ್ದರೆ ಆ ಕೂಸು.

"ಅದು ಕೊಡಬೇಡಿ ಸಾರ್" ಎಂದೆ. "ಯಾಕಮ್ಮ, ನಿನ್ ಫ್ರೆಂಡೇ ಅಲ್ವಾ ಹೇಳಿದ್ದು?" ಅಂದರು. ನೋಟ್‌ಬುಕ್ ತಂದು ತೋರಿಸಿದೆ. ನಿಂತಲ್ಲೇ ಎಲ್ಲ ಓದಿದರು. ಹಿಂದೂಪುರಕ್ಕೆ ಜೀಪು ಕಳಿಸಿ ಬೇರೆ ಔಷಧ ತರಿಸಿದರು. ಬರುವಷ್ಟರಲ್ಲಿ ಸಂಜೆ ಐದಾಯಿತು. ಅಲ್ಲಿಯವರೆಗೆ ನಾನೂ ಕೆಂಪಕ್ಕನೂ ಒಂದೊಂದು ಚಮಚ ಉಪ್ಪು ಸಕ್ಕರೆಯ ನೀರು ಕುಡಿಸುತ್ತಾ ಕೂತಿದ್ದೆವು. ಮೂರನೆಯ ದಿನ ಕೂಸು ಎದ್ದು ಕೂತು ಅನ್ನ ಕೇಳಿತು.

ಆಮೇಲೆ ಡಾಕ್ಟರು ನನ್ನನ್ನು ಕರೆದು, "ಮಾರ್ಚ್ ತಿಂಗಳದ್ದಲ್ವೇನಮ್ಮ ಇದು? ಆವಮ್ಮಂಗೆ ಬರ್ದಿಲ್ವಾ?" ಎಂದು ಕೇಳಿದರು. ಬರೆದಿದ್ದೇನೆ ಎಂದೆ. ಬರೆದದ್ದು ನಿಜವೇ.

ಅವತ್ತೇ ನಿನಗೆ ಕಳಿಸಬಹುದಿತ್ತು. ಆಗಿನ್ನೂ ಜಪಾನಿನವರದು ನಿನ್ನ ಕೈಗೆ ಬಂದಿರಲಿಲ್ಲ. ಕಳಿಸದೆ ಕಾರ್ಡು ಬರೆದೆ. ಕಡಲೆಕಾಯಿ ಒಳ್ಳೆಯ ಬೆಳೆ ಎಂದು ಬರೆದೆ. ಕೂಸಿನ ಮುಂದೆ ಮಣಿದವಳು ನಿನ್ನ ಮುಂದೆ ಮಣಿಯಲು ಸಿದ್ಧಳಿರಲಿಲ್ಲ.

ನಿನ್ನ ಯೋಗ್ಯತೆ ಕಡಿಮೆಯಾಗಿ ಸೋತದ್ದಲ್ಲ. ಅದೊಂದನ್ನು ತಿಳಿದುಕೊಂಡು ಕೆಲಸ ಬಿಡುವುದೋ ಬೇಡವೋ ಯೋಚಿಸು. ಕ್ಷಮೆ ಕೇಳಲು ನಾಚಿಕೆಯಾಗುತ್ತದೆ.

ಹೊನ್ನಕ್ಕ


ಬೆಂಗಳೂರು
3 ಮಾರ್ಚ್ 1985

ಹೊನ್ನಕ್ಕನಿಗೆ,

ನಿನ್ನ ಪತ್ರಕ್ಕೆ ಉತ್ತರಿಸಬಾರದು ಎಂದು ತೀರ್ಮಾನಿಸಿ ಹದಿನಾಲ್ಕು ತಿಂಗಳಾಯಿತು. ಮೊದಲು ಹರಿದು ಹಾಕಲು ಹೋದೆ. ಚನ್ನಮಲ್ಲಯ್ಯನವರಿಗೆ ತೋರಿಸೋಣ, ತಪ್ಪು ನನ್ನದಲ್ಲ ಎಂದು ಗೊತ್ತಾಗಲಿ ಎಂದು ಅವರ ಬಾಗಿಲವರೆಗೂ ಹೋದೆ. ಒಳಗೆ ಹೋಗಲಿಲ್ಲ. ಅದಕ್ಕೆ ಕಾರಣವಿದೆ.

ಕೆಲಸ ಬಿಡಲಿಲ್ಲ. ಕಡಲೆಕಾಯಿಯ ಮೇಲೆಯೇ ಪದವಿ ಬರುತ್ತದೆ, ಬರುವ ವರ್ಷ.

ನೀನು ಮಾಡಿದ್ದು ಸಣ್ಣದೇನಲ್ಲ. ಅದನ್ನು ಸಣ್ಣದು ಮಾಡಲು ಈ ಪತ್ರ ಬರೆಯುತ್ತಿಲ್ಲ. ಆದರೆ ನಿನಗೆ ಗೊತ್ತಿಲ್ಲದ ಒಂದು ವಿಷಯವಿದೆ, ಗೊತ್ತಿಲ್ಲದೆ ನೀನೊಬ್ಬಳೇ ತಪ್ಪಿತಸ್ಥೆ ಎಂದುಕೊಂಡಿರುವುದು ನನಗೆ ಅನುಕೂಲವಾಗಿದೆ. ಹದಿನಾಲ್ಕು ತಿಂಗಳು ಆ ಅನುಕೂಲದಲ್ಲಿದ್ದೆ.

1981ರಲ್ಲಿ ನಾನು ಸೇರಿ ಒಂದು ತಿಂಗಳಾಗಿತ್ತು. ಗುರುಗಳು ಕರೆದು, ಇನ್ನೊಂದು ಸ್ಥಾನ ಮಂಜೂರಾಗಿದೆ ಎಂದರು. "ಸಂದರ್ಶನದಲ್ಲಿ ನಿಮ್ಮ ಪಕ್ಕ ಕೂತಿದ್ದರಲ್ಲ, ಕನ್ನಡದಲ್ಲೇ ಉತ್ತರ ಹೇಳಿದವರು, ಅವರು ನಿಮ್ಮ ಊರಿನ ಕಡೆಯವರೇ ಅಲ್ಲವೇ? ಬರುತ್ತಾರೆಯೇ ಕೇಳಿ" ಎಂದರು. ನಾನು ಕೇಳಬೇಕಾಗಿಯೇ ಇರಲಿಲ್ಲ. ಅಲ್ಲೇ ನಿಂತು, ಅವರಿಗೆ ಮದುವೆ ಗೊತ್ತಾಗಿದೆ ಸಾರ್, ಬರುವುದಿಲ್ಲ ಎಂದುಬಿಟ್ಟೆ. ಮೊದಲೇ ಯೋಚಿಸಿದ ಸುಳ್ಳಲ್ಲ. ಬಾಯಿಗೆ ಅದೇ ಬಂತು.

ನೀನು ಬಂದರೆ ಎರಡೇ ತಿಂಗಳಲ್ಲಿ ಅವರಿಗೆ ನಮ್ಮಿಬ್ಬರಲ್ಲಿ ಯಾರು ಏನು ಎಂದು ತಿಳಿಯುತ್ತಿತ್ತು. ಶಾಲೆಯಿಂದ ಎಂ.ಎಸ್ಸಿ.ಯವರೆಗೆ ನಿನ್ನ ಹೆಸರಿನ ಕೆಳಗೆ ನನ್ನದು ನೋಡಿ ನೋಡಿ ಸಾಕಾಗಿತ್ತು. ಒಂದು ಜಾಗದಲ್ಲಾದರೂ ನೀನಿಲ್ಲದೆ ಇರಬೇಕು ಎನ್ನಿಸಿತು.

ಅದಕ್ಕೇ ನಿನ್ನ ಹೆಸರನ್ನು ಅವರ ಮುಂದೆ ಎಂದೂ ಹೇಳಲಿಲ್ಲ. ನೀನು ಕೇಳಿದ್ದೆ. ಹೆಸರು ಹೇಳಿದರೆ ಮದುವೆಯ ಸುಳ್ಳು ಹೊರಬೀಳುತ್ತಿತ್ತು.

ಇದಕ್ಕೂ ಅದಕ್ಕೂ ಸರಿಹೋಯಿತು ಎಂದು ನಾನು ಹೇಳುತ್ತಿಲ್ಲ. ಸರಿಹೋಗುವುದಿಲ್ಲ.

ರಾಜಲಕ್ಷ್ಮಿ


ಬೆಂಗಳೂರು
20 ಅಕ್ಟೋಬರ್ 1986

ಹೊನ್ನಕ್ಕನಿಗೆ,

ಹೋದ ವರ್ಷದ ಪತ್ರಕ್ಕೆ ನಿನ್ನಿಂದ ಉತ್ತರವಿಲ್ಲ. ನಿರೀಕ್ಷಿಸುವ ಹಕ್ಕೂ ನನಗಿಲ್ಲ. ಇದು ಕೆಲಸದ ಪತ್ರ.

ಡೆನ್ಮಾರ್ಕಿನವರ ಪ್ರಬಂಧ ಬಂದಿದೆ. ನೀನು ಅವತ್ತೇ ಬರೆದಿದ್ದಂತೆ, ಪ್ಲಾಸ್ಮಿಡ್ ಕಳೆದುಕೊಂಡ ಕೋಶ ನಿಲ್ಲುವುದಷ್ಟೇ ಅಲ್ಲ, ಸಾಯುತ್ತದೆ. ಪ್ಲಾಸ್ಮಿಡ್ ಒಂದು ವಿಷವನ್ನೂ ಅದನ್ನು ತಡೆಯುವ ಪ್ರತಿವಿಷವನ್ನೂ ಎರಡನ್ನೂ ಮಾಡಿಸುತ್ತಿರುತ್ತದೆ. ಪ್ರತಿವಿಷ ಬೇಗ ಕರಗುತ್ತದೆ, ಆಗಾಗ ಹೊಸದಾಗಿ ಆಗುತ್ತಲೇ ಇರಬೇಕು. ವಿಷವನ್ನು ಮಾಡು ಎಂಬ ಆದೇಶ ಮಾತ್ರ ಕೋಶದೊಳಗೆ ಬಹಳ ಹೊತ್ತು ಉಳಿಯುತ್ತದೆ. ಪ್ಲಾಸ್ಮಿಡ್ ಹೋಯಿತು ಎಂದರೆ ಪ್ರತಿವಿಷ ನಿಲ್ಲುತ್ತದೆ, ಉಳಿದ ವಿಷ ಕೋಶವನ್ನು ಮುಗಿಸುತ್ತದೆ. ಏನೋ ಒಂದು ಒಳಗೆ ಉಳಿದುಹೋಗಿರಬೇಕು ಎಂದು ನೀನು ಪಾವಗಡದಲ್ಲಿ ಕೂತು ಬರೆದ ಸಾಲನ್ನು ಅದರ ಪಕ್ಕದಲ್ಲಿಟ್ಟು ಓದಿದೆ.

ಓದಿ ಹೊಟ್ಟೆಕಿಚ್ಚಾಯಿತು. ಡೆನ್ಮಾರ್ಕಿನವರ ಮೇಲೆ ಅಲ್ಲ.

ಮಾರನೆಯ ದಿನ ಚನ್ನಮಲ್ಲಯ್ಯನವರ ಕೋಣೆಗೆ ಹೋಗಿ ನಿನ್ನ ಮಾರ್ಚ್ ಪತ್ರ ಕೊಟ್ಟೆ. ಮದುವೆಯ ಸುಳ್ಳನ್ನೂ ಹೇಳಿದೆ. ಅವರು ಪತ್ರ ಓದಿ ಮುಗಿಸಿ, ಕನ್ನಡಕ ತೆಗೆದು, "ಐದು ವರ್ಷ ಹಾಳು ಮಾಡಿದಿರಿ ನೀವಿಬ್ಬರೂ. ನಿಮ್ಮದಲ್ಲ, ನನ್ನದು" ಅಂದರು.

ಒಂದು ವಾರ ಬಿಟ್ಟು ನಿನ್ನೆ ಕರೆದರು. ನಿನ್ನ ಹತ್ತಿರ ಹಳೆಯ ನಳಿಗೆಗಳು ಉಳಿದಿವೆಯೇ ಎಂದು ಕೇಳಿದರು. ಔಷಧ ನಿಲ್ಲಿಸಿದ ತಾಲ್ಲೂಕಿನಲ್ಲಿ ವರ್ಷ ವರ್ಷವೂ ರೋಗಾಣು ಪ್ಲಾಸ್ಮಿಡ್ಡನ್ನು ಉಳಿಸಿಕೊಂಡು ಬಂದಿದೆ ಎಂದು ತೋರಿಸಬಹುದಾದರೆ ಅದೇ ಒಂದು ಪ್ರಬಂಧವಾಗುತ್ತದೆ ಎಂದರು. ಇಲ್ಲಿ ಒಂದು ತಾತ್ಕಾಲಿಕ ಸಹಾಯಕಿಯ ಹುದ್ದೆ ಇದೆ, ಎರಡು ವರ್ಷಕ್ಕೆ. ನಿನಗೆ ಬರೆಯಲು ಹೇಳಿದ್ದಾರೆ. ಈ ಸಲ ಅವರ ಎದುರಿಗೇ ಬರೆದಿದ್ದೇನೆ. ಬೇಕಾದರೆ ಅವರನ್ನೇ ಕೇಳಬಹುದು.

ರಾಜಲಕ್ಷ್ಮಿ


ಪಾವಗಡ
9 ನವೆಂಬರ್ 1986

ರಾಜಲಕ್ಷ್ಮಿ,

ನಿನ್ನ ಹೋದ ವರ್ಷದ ಪತ್ರ ಬಂದ ದಿನ ಲ್ಯಾಬಿನಲ್ಲಿ ಎರಡು ಗಾಜಿನ ತಟ್ಟೆ ಒಡೆದೆ. ಕೈ ಜಾರಿ ಅಲ್ಲ. ಆ ವರ್ಷ ನನ್ನನ್ನು ಕೇಳಿಕೊಂಡು ಒಬ್ಬನೂ ಬಂದಿರಲಿಲ್ಲ. ಕುರಿಯವರ ಮನೆಯಲ್ಲಿ ಎಂ.ಎಸ್ಸಿ. ಓದಿದವಳಿಗೆ ಗಂಡು ಎಲ್ಲಿಂದ ತರುವುದು ಎಂದು ಅಮ್ಮ ದಿನಾ ಅಳುತ್ತಿದ್ದಳು. ನೀನು ಅಲ್ಲಿ ನನಗೆ ಮದುವೆ ಗೊತ್ತು ಮಾಡಿದ್ದೆ.

ಅಪ್ಪನಿಗೆ ಹೇಳಿದೆ. ನಾನು ಮಾಡಿದ್ದನ್ನೂ ಹೇಳಿದೆ. ಅವನು ಕಂಬಳಿ ಕೊಡವುತ್ತಾ, "ಇಬ್ರೂ ಒಂದೇ ತಾಯಿ ಮಕ್ಕಳಂಗಿದೀರ ಕಣಮ್ಮ" ಅಂದ. ಅದು ಬೈಗುಳವೋ ಏನೋ ತಿಳಿಯಲಿಲ್ಲ.

ಕೆಲಸದ ಮಾತಿಗೆ ಬರುತ್ತೇನೆ. ನಳಿಗೆಗಳು ಇವೆ. ಪ್ರತಿ ಮಳೆಗಾಲದ್ದೂ ಇಟ್ಟಿದ್ದೇನೆ, ಐದು ವರ್ಷದ್ದು, ಅರವತ್ತಮೂರು. ರಾಯಚರ್ಲು, ತಿರುಮಣಿ, ಪಾವಗಡ ಪೇಟೆ, ಊರು ತಾರೀಖು ಎಲ್ಲ ಬರೆದಿದೆ. ಯಾರೂ ಇಡು ಎಂದು ಹೇಳಿರಲಿಲ್ಲ. ಒಂದು ದಿನ ನೀನು ಕೇಳುತ್ತೀಯ, ಕೊಡುವುದಿಲ್ಲ ಎನ್ನಬೇಕು ಎಂದು ಇಟ್ಟುಕೊಂಡಿದ್ದೆ.

ಹುದ್ದೆ ಬೇಡ. ಅದು ಐದು ವರ್ಷದ ಹಿಂದೆ ಬೇಕಿತ್ತು. ಈಗ ನಾನು ಹೋದರೆ ಇಲ್ಲಿ ಮಲ ಪರೀಕ್ಷೆಗೆ ಮಧುಗಿರಿಗೆ ಕಳಿಸಬೇಕಾಗುತ್ತದೆ, ಉತ್ತರ ಬರುವಷ್ಟರಲ್ಲಿ ಕೆಂಪಕ್ಕನಂಥವರು ಮನೆಗೆ ಹೋಗಿರುತ್ತಾರೆ. ನಳಿಗೆಗಳನ್ನೂ ಕಳಿಸುವುದಿಲ್ಲ. ಕೆಲಸ ಇಲ್ಲೇ ಆಗಬೇಕು. ಡಾಕ್ಟರು ಒಪ್ಪಿದ್ದಾರೆ. ಪುಡಿ, ಅಗರ್, ಗಾಜಿನ ತಟ್ಟೆಗಳು, ಒಂದು ಒಳ್ಳೆಯ ಮೈಕ್ರೋಸ್ಕೋಪು, ಇಷ್ಟನ್ನು ನಿನ್ನ ಗುರುಗಳಿಂದ ಕೇಳಿ ತಾ.

ಪ್ರಬಂಧದಲ್ಲಿ ನನ್ನ ಹೆಸರು ಮೊದಲು ಬರಬೇಕು. ಕೊನೆಯ ಸಾಲಿನ ವಂದನೆ ಬೇಡ. ಇದನ್ನು ಸಂಕೋಚವಿಲ್ಲದೆ ಕೇಳುತ್ತಿದ್ದೇನೆ. ಎರಡನೆಯದು ನಿನ್ನದು. ನನ್ನ ಹೆಸರಿನ ಕೆಳಗೆ ನಿನ್ನದು ನೋಡಿ ಸಾಕಾಗಿದೆ ಎಂದು ನೀನು ಬರೆದಿದ್ದೆ, ಇನ್ನೊಂದು ಸಲ ನೋಡು.

ನಿನ್ನ ಮೇಲಿನ ಸಿಟ್ಟು ಹೋಗಿಲ್ಲ. ನಿನಗೆ ಡಾಕ್ಟರೇಟ್ ಬಂತು ಎಂದು ನಿಮ್ಮ ತಂದೆ ಹೇಳಿದಾಗ ಹೊಟ್ಟೆ ಉರಿಯಿತು, ಆ ಉರಿಯೂ ಹೋಗಿಲ್ಲ. ಇವೆರಡೂ ಹೋಗಲಿ ಎಂದು ಕಾಯುತ್ತಾ ಕೂತರೆ ಕೆಲಸ ಆಗುವುದಿಲ್ಲ.

ಮುಂದಿನ ಭಾನುವಾರ ಬಾ. ಬೆಳಗಿನ ಮೊದಲ ಬಸ್ಸಿಗೆ ಹೊರಟು ಮಧುಗಿರಿಯಲ್ಲಿ ಇಳಿದರೆ ಪಾವಗಡದ ಬಸ್ಸು ಸಿಗುತ್ತದೆ. ಸಾಮಾನು ಇಳಿಸಲು ಹುಚ್ಚಣ್ಣನವರು ನಿಲ್ದಾಣದಲ್ಲಿ ಇರುತ್ತಾರೆ. ನಾನು ಬರುವುದಿಲ್ಲ. ಅವತ್ತು ಇಬ್ಬರಿಗೆ ಅಡುಗೆ ಮಾಡುವುದಿದೆ.

ಹೊನ್ನಕ್ಕ